ಶ್ರೀ ಇಲ್ಲದ ಏಳು ಕಾರ್ಡು

ಲಕ್ವಾ ಹೊಡೆದ ದಿನ ನಾನು ಮೊದಲು ಬೈದದ್ದು ಪೆನ್ನಿಗೆ.

ಕಲಬುರಗಿಯ ಒಂದು ಸರ್ಕಾರಿ ಕಚೇರಿಯ ಜಾವಕ ವಿಭಾಗದಲ್ಲಿ ನಾನು ಗುಮಾಸ್ತ. ಹೊರಗೆ ಹೋಗುವ ಪತ್ರಗಳಿಗೆ ನಂಬರು ಹಾಕುವುದು, ವಿಳಾಸ ಬರೆಯುವುದು, ಟಪಾಲಿಗೆ ಕೊಡುವುದು. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದ್ದೆ. ತೊಂಬತ್ತೇಳನೆಯ ಇಸವಿಯ ಒಂದು ಮಧ್ಯಾಹ್ನ, ರಿಜಿಸ್ಟರಿನಲ್ಲಿ ಬರೆಯುತ್ತಿದ್ದ ನಂಬರು ಗೆರೆ ಬಿಟ್ಟು ಕೆಳಗಿಳಿಯಿತು. ಮತ್ತೆ ಬರೆದೆ, ಮತ್ತೆ ಇಳಿಯಿತು. ಹಾಳು ಪೆನ್ನು ಎಂದು ಬೈದು ಝಾಡಿಸಲು ಹೋದರೆ ಪೆನ್ನು ಕೈಯಲ್ಲಿರಲೇ ಇಲ್ಲ, ನೆಲದ ಮೇಲೆ ಬಿದ್ದಿತ್ತು. ಪಕ್ಕದ ಟೇಬಲ್ಲಿನವರು, "ರಾಯರ, ಬಾಯಿ ಯಾಕ ಸೊಟ್ಟ ಮಾಡ್ಲಾಕತ್ತೀರಿ?" ಎಂದು ನಕ್ಕರು. ಚೇಷ್ಟೆ ಮಾಡುತ್ತಿದ್ದಾರೆಂದು ನಾನೂ ನಕ್ಕೆ. ಆ ನಗು ಅರ್ಧ ಮುಖದಲ್ಲಿ ಮಾತ್ರ ಬಂತಂತೆ. ಆಮೇಲೆ ಅವರು ನಗಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ನನ್ನ ಹೆಂಡತಿ ಉಷಾಳನ್ನು ತೋರಿಸಿ ಇವರು ಯಾರು ಎಂದು ಕೇಳಿದರು. ನಾನು ಬಹಳ ಗಟ್ಟಿಯಾಗಿ, "ಟಪಾಲು" ಎಂದೆನಂತೆ. ನನ್ನ ಪ್ರಕಾರ ನಾನು "ಉಷಾ" ಎಂದೇ ಹೇಳಿದ್ದೆ. ಒಳಗೆ ಒಂದು ಮಾತು ಇರುತ್ತಿತ್ತು, ಹೊರಗೆ ಇನ್ನೊಂದು ಬೀಳುತ್ತಿತ್ತು. ಬಿದ್ದದ್ದು ಯಾವುದೆಂದು ಎದುರಿಗಿದ್ದವರ ಮುಖ ನೋಡಿ ತಿಳಿದುಕೊಳ್ಳಬೇಕು. ಉಷಾಳ ಮುಖ ನೋಡಿದೆ. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅದೂ ಗೊತ್ತಾಗಲಿಲ್ಲ. ಈಗ ಕೇಳಿದರೆ, "ಎರಡೂ ಮಾಡ್ಲಿಕ್ಕತ್ತಿದ್ದೆ. ಲಗ್ನಾಗಿ ಇಪ್ಪತ್ತು ವರ್ಷಕ್ಕ ನನಗ ಟಪಾಲು ಅಂದ್ರಿ" ಎನ್ನುತ್ತಾಳೆ.

ಬಲಗೈ, ಬಲಗಾಲು ಎರಡೂ ಹೋದವು. ಹೋದವು ಎಂದರೆ ಎಲ್ಲಿಗೂ ಹೋಗಿರಲಿಲ್ಲ, ಹಾಸಿಗೆಯಲ್ಲಿ ನನ್ನ ಪಕ್ಕದಲ್ಲೇ ಇದ್ದವು. ಬೆಳಿಗ್ಗೆ ಎದ್ದಾಗ ಯಾರದೋ ಕೈ ನನ್ನ ಹೊಟ್ಟೆಯ ಮೇಲಿದೆ ಎಂದು ಎತ್ತಿ ಆಚೆ ಇಡುತ್ತಿದ್ದೆ. ಗಡಿಯಾರ ನೋಡಿದರೆ ಮುಳ್ಳು ಕಾಣುತ್ತಿದ್ದವು, ಹೊತ್ತು ಕಾಣುತ್ತಿರಲಿಲ್ಲ. ಇವತ್ತು ಸೋಮವಾರವೋ ಗುರುವಾರವೋ ಎಂದು ಕೇಳಲು ಹೋಗಿ ಇನ್ನೇನನ್ನೋ ಕೇಳಿ, ಉಷಾ ನೀರು ತಂದುಕೊಟ್ಟರೆ ಕುಡಿದು ಸುಮ್ಮನಾಗುತ್ತಿದ್ದೆ. ಆ ದಿನಗಳಲ್ಲಿ ಬಹಳ ನೀರು ಕುಡಿದೆ.

ಮನೆಗೆ ಬಂದ ಮೇಲೆ ನೋಡಲು ಬಂದವರದು ಒಂದೊಂದು ಮಾತು. ಗಾಳಿ ಬಡಿದಿದೆ ಎಂದರು, ಮಾಟ ಎಂದರು, ಬಿಸಿಲಲ್ಲಿ ಬಂದು ತಣ್ಣೀರು ಕುಡಿದಿರಬೇಕು ಎಂದರು. ನಮ್ಮ ಹಿಂದಿನ ಮನೆಯವರು ಪಾಪ, ಒಂದು ಬುಟ್ಟಿಯಲ್ಲಿ ಜೀವಂತ ಪಾರಿವಾಳವನ್ನೇ ತಂದುಬಿಟ್ಟರು. ಅದರ ಬಿಸಿ ರಕ್ತ ತಿಕ್ಕಿದರೆ ಲಕ್ವಾ ಇಳಿಯುತ್ತದಂತೆ. ನಮ್ಮದು ವೈಷ್ಣವರ ಮನೆ, ಉಳ್ಳಾಗಡ್ಡಿ ಹೆಚ್ಚುವುದಕ್ಕೂ ದಿನ ನೋಡುವವರು. "ನಮ್ಮ ಮನ್ಯಾಗ ಪಾರಿವಾಳ ಕೊಯ್ಯೋದೇನ್ರಿ?" ಎಂದು ಉಷಾ ಬುಟ್ಟಿಯ ಮುಚ್ಚಳ ತೆಗೆದು ಹಾರಿಸಿಬಿಟ್ಟಳು. ಅದು ಹಾರಿ ಕಾಂಪೌಂಡಿನ ಮೇಲೆ ಕುಳಿತು ಎರಡು ದಿನ ನನ್ನನ್ನೇ ನೋಡಿತು. ನನ್ನ ಹತ್ತಿರ ಏನು ಬಾಕಿ ಇದೆ ಎಂದು ಕಾಯುತ್ತಿತ್ತೋ ಏನೋ.

ಸಮಾಧಾನ ಸಿಕ್ಕಿದ್ದು ಸರ್ಕಾರಿ ದವಾಖಾನೆಯ ಕಸರತ್ತಿನ ಕೋಣೆಯಲ್ಲಿ. ಐವಾನ್-ಎ-ಶಾಹಿಯ ಹತ್ತಿರದ ನಮ್ಮ ಮನೆಯಿಂದ ಆಟೋದಲ್ಲಿ ಹತ್ತೇ ನಿಮಿಷ. ಅಲ್ಲಿ ಗೋಡೆಗೆ ಒಂದು ಕಬ್ಬಿಣದ ಚಕ್ರ ಇತ್ತು. ಬಿದ್ದುಹೋದ ಕೈಯನ್ನು ಅದರ ಹಿಡಿಗೆ ಬಟ್ಟೆಯಿಂದ ಕಟ್ಟಿ ತಿರುಗಿಸಬೇಕು. ಚಕ್ರ ಒಂದೇ, ತಿರುಗಿಸುವವರು ಎಂಟು ಜನ. ಆದ್ದರಿಂದ ಹೊರಗಿನ ಬೆಂಚಿನ ಮೇಲೆ ಕೂತು ಕಾಯುವುದೇ ಹೆಚ್ಚು. ಮನೆಯಲ್ಲಿ ಎಲ್ಲರೂ ಸರಿ ಇದ್ದರು, ನಾನೊಬ್ಬನೇ ತಪ್ಪಾಗಿದ್ದೆ. ಆ ಬೆಂಚಿನ ಮೇಲೆ ಎಲ್ಲರೂ ತಪ್ಪಾಗಿದ್ದರು. ಎಷ್ಟು ಹಾಯೆನಿಸಿತೆಂದರೆ, ಮೊದಲನೆಯ ದಿನವೇ ಉಷಾಳಿಗೆ ನಾಳೆ ಜಲ್ದಿ ಹೋಗೋಣ ಎಂದೆ. ಆ ಮಾತು ಸರಿಯಾಗಿಯೇ ಹೊರಗೆ ಬಂತು.

ಬೆಂಚಿನ ಮೇಲೆ ನನ್ನ ಪಕ್ಕ ಕೂರುತ್ತಿದ್ದವರು ಕಮಲಾಪುರದ ಶರಣಪ್ಪ. ಕಮಲಾಪುರದ ಬಸ್ ನಿಲ್ದಾಣದಲ್ಲಿ ಕೈಗಾಡಿಯ ಮೇಲೆ ಆ ಊರಿನ ಕೆಂಪು ಬಾಳೆಹಣ್ಣು ಮಾರುತ್ತಿದ್ದವರು. ಅವರಿಗೂ ಬಲಗಡೆಯೇ. ಹೆಂಡತಿ ನಾಗಮ್ಮನ ಹೆಗಲು ಹಿಡಿದು ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ನನಗೊಂದು ಹಣ್ಣು ಕೊಟ್ಟರು. ಎಡಗೈಯಲ್ಲಿ ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಕೂತೆ. ಸುಲಿಯಲು ಇನ್ನೊಂದು ಕೈ ಬೇಕಲ್ಲ. ಸುಲಿದು ಕೊಡು ಎಂದು ಉಷಾಳಿಗೆ ಹೇಳಲು ನಾಚಿಕೆ.

"ಸಾಹೇಬ್ರ, ತೊಟ್ಟು ಹಲ್ಲಾಗ ಕಚ್ಚಿ ಜಗ್ರಿ," ಎಂದರು ಶರಣಪ್ಪ. "ನಾಚಬ್ಯಾಡ್ರಿ, ಮಂಗ್ಯಾ ಏನ್ ಚಾಕು ಇಟಗೊಂಡಿರ್ತದೇನು?"

ಕಚ್ಚಿ ಎಳೆದೆ. ಸಿಪ್ಪೆ ಬಂತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಬಾಳೆಹಣ್ಣು ಸುಲಿಯಲು ಕಲಿತು ನನ್ನ ಕಣ್ಣಲ್ಲಿ ನೀರು ಬಂತು.

ಅಂದಿನಿಂದ ನಮ್ಮಿಬ್ಬರದು ಪಂದ್ಯ. ನಾನು ಚಕ್ರ ಇಪ್ಪತ್ತು ಸುತ್ತು ತಿರುಗಿಸಿದರೆ ಅವರು ಇಪ್ಪತ್ತೊಂದು. ನಾನು ಇಪ್ಪತ್ತೆರಡು ಮಾಡಿದರೆ, "ಈ ಸರ್ಕಾರಿ ಮಂದಿಗೆ ಕೆಲಸ ಇಲ್ಲ, ಇಡೀ ದಿವಸ ತಿರುಗಸ್ತಾರ" ಎಂದು ಗೊಣಗಿ ಇಪ್ಪತ್ಮೂರಕ್ಕೆ ಹೋಗುವರು. ಒಮ್ಮೆ ನಗುತ್ತಾ ಅಂದರು, "ನೀವು ತಿರುಗಸೂತನಾ ನಾನೂ ತಿರುಗಸ್ತೀನ್ರಿ. ನೀವು ನಿಂತ ದಿವಸ ನಾನೂ ನಿಂತೆ ಅಂತ ತಿಳೀರಿ." ಬೆಂಚಿನ ಮಾತು. ನಾನೂ ತಲೆಯಾಡಿಸಿದೆ.

ಎರಡು ತಿಂಗಳಾದ ಮೇಲೆ ಶರಣಪ್ಪ ಬರುವುದು ನಿಂತಿತು. ಬಸ್ಸು ಹತ್ತುವಾಗ ಜಾರಿ ಬಿದ್ದರಂತೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಕರೆದುಕೊಂಡು ಬರುವವರಿಗೆ ಪುರಸೊತ್ತಿಲ್ಲ, ಬಸ್ಸಿನ ಮೆಟ್ಟಿಲು ಎತ್ತರ, ಇನ್ನೇನು ಸುಧಾರಿಸುತ್ತದೆ ಎಂಬ ಬೇಸರ. ಬೆಂಚಿನ ಮೇಲೆ ನಾನೊಬ್ಬನೇ ಉಳಿದೆ. ಚಕ್ರ ಈಗ ಬೇಕಾದಾಗ ಸಿಗುತ್ತಿತ್ತು, ಆದರೆ ಹದಿನೈದು ಸುತ್ತಿಗೇ ಕೈ ಬಿಡುತ್ತಿದ್ದೆ. ಮಾತು ಮತ್ತೆ ತಪ್ಪತೊಡಗಿತು. ಇದನ್ನು ನೋಡಿ ಕಸರತ್ತಿನ ಡಾಕ್ಟರಮ್ಮ, "ರಾಯರೇ, ನೀವೆಲ್ಲ ತಿಂಗಳಿಗೊಮ್ಮೆಯಾದರೂ ಒಂದು ಕಡೆ ಕೂಡಿರಿ. ಒಂದು ಸಂಘ ಮಾಡಿಕೊಳ್ಳಿ" ಎಂದು ಏಳು ಜನರ ವಿಳಾಸ ಬರೆದುಕೊಟ್ಟರು. ವಿಳಾಸ ಕಂಡರೆ ನನಗೆ ಜೀವ ಬರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು.

ಏಳು ಪೋಸ್ಟ್ ಕಾರ್ಡು ತರಿಸಿದೆ. ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಎಡಗೈಯಲ್ಲಿ ಒಂದು ಅಕ್ಷರ ಎಂದರೆ ಒಂದು ಮೂಟೆ ಎತ್ತಿದಷ್ಟು ಸುಸ್ತು, ಆದ್ದರಿಂದ ಮಾತು ಉಳಿಸಿದೆ. ನಾಲ್ಕು ದಿನ ಹಿಡಿದು ಏಳೂ ಕಾರ್ಡಿನ ಮೇಲೆ ಇಷ್ಟು ಬರೆದೆ: "ವಾಮನರಾವ. ಲಕ್ವಾ. ಬರುವ ರವಿವಾರ ಹನ್ನೊಂದಕ್ಕೆ ನಮ್ಮ ಮನೆಗೆ ತಪ್ಪದೆ ಬರಬೇಕು. ಊಟ ಇಲ್ಲೇ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಕಾಗದ ಬರೆದರೆ ಮೊದಲು ಮೇಲೆ ನಡುವೆ ಶ್ರೀ ಬರೆಯುತ್ತಾರೆ. ಶ್ರೀ ಇಲ್ಲದ ಕಾಗದ ಬಂದರೆ ಅದು ಸಾವಿನದು. ಅದನ್ನು ಹೊಸ್ತಿಲ ಹೊರಗೇ ಓದಿ, ಹರಿದು ಹಾಕಿ, ಸ್ನಾನ ಮಾಡಿ ಒಳಗೆ ಬರುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎಡಗೈಯಲ್ಲಿ ಶ್ರೀ ಬರೆಯುವುದು ಹೇಗೆ? ಆ ಕೈಯಿಂದ ಯಾರಿಗೂ ಏನೂ ಕೊಡುವುದಿಲ್ಲ, ದೇವರಿಗೆ ಹೂ ಏರಿಸುವುದಿಲ್ಲ. ಮನಸ್ಸು ಬರಲಿಲ್ಲ. ಉಷಾ ತನ್ನ ಬಲಗೈಯಿಂದ ಶ್ರೀ ಬರೆದು, ಮೂಲೆಗೆ ಅರಿಶಿನ ಹಚ್ಚಿ ಹಾಕಲಿ ಎಂದು ಮೇಲೆ ಜಾಗ ಬಿಟ್ಟೆ. ಅವಳಿಗೆ ಹಾಗೆಂದು ಹೇಳಿದೆ. ಹೇಳಿದೆ ಎಂದು ನಾನು ತಿಳಿದಿದ್ದೇನೆ. ಅವಳು ನೀವು ಹೇಳಲೇ ಇಲ್ಲ ಎನ್ನುತ್ತಾಳೆ. ಒಳಗೆ ಹೇಳಿದ್ದು ಹೊರಗೆ ಬಂತೋ ಇಲ್ಲವೋ, ಇವತ್ತಿಗೂ ನನಗೆ ತಿಳಿಯದು. ಕಾರ್ಡುಗಳು ಟೇಬಲ್ಲಿನ ಮೇಲಿದ್ದವು, ಅವಳು ತರಕಾರಿಗೆ ಹೋಗುವಾಗ ತೆಗೆದುಕೊಂಡು ಹೋಗಿ ಡಬ್ಬಿಗೆ ಹಾಕಿ ಬಂದಳು.

ಆ ರವಿವಾರ ಉಷಾ ಅನ್ನ, ಸಾರು, ಕೋಸಂಬರಿ, ಶಿರಾ ಮಾಡಿದಳು. ಕೈ ಇರುವ ಕುರ್ಚಿಗಳನ್ನೇ ಬೇಕೆಂದು ಅಕ್ಕಪಕ್ಕದಿಂದ ತರಿಸಿದ್ದೆವು, ಎದ್ದೇಳಲು ಆಸರೆಯಾಗಲಿ ಎಂದು. ಹನ್ನೊಂದಾಯಿತು, ಯಾರೂ ಇಲ್ಲ. ಹನ್ನೆರಡಾಯಿತು. ಬಾಗಿಲ ಬಳಿ ಕೂತ ನನ್ನ ತಲೆಯಲ್ಲಿ ಏನೇನೋ. ಬ್ರಾಹ್ಮಣರ ಮನೆಯ ಊಟ ಎಂದು ಸಂಕೋಚಪಟ್ಟರೋ? ರವಿವಾರ ಎಂದು ಬರೆದೆನೋ ಬುಧವಾರ ಎಂದು ಬರೆದೆನೋ? ಇವತ್ತು ರವಿವಾರ ಹೌದೋ ಅಲ್ಲವೋ? ಉಷಾಳಿಗೆ ಮೂರು ಸಲ ಕೇಳಿದೆ. ಮೂರನೆಯ ಸಲ ಅವಳು ಕ್ಯಾಲೆಂಡರನ್ನೇ ಮೊಳೆಯಿಂದ ಕಿತ್ತು ತಂದು ನನ್ನ ತೊಡೆಯ ಮೇಲಿಟ್ಟಳು.

ಒಂದು ಗಂಟೆಗೆ ಗೇಟಿನ ಹತ್ತಿರ ಆಟೋ ನಿಂತಿತು. ಇಳಿದವರು ತಾಜಸುಲ್ತಾನಪುರದ ಅಂಬಾದಾಸ. ಶಾಲೆಯೊಂದರಲ್ಲಿ ಜವಾನರಾಗಿದ್ದವರು, ಎಡಗಾಲು ಎಳೆಯುತ್ತಿತ್ತು, ನಮ್ಮ ಬೆಂಚಿನವರೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಪೊಟ್ಟಣ. ತಲೆ ತಗ್ಗಿಸಿಕೊಂಡು ಗೇಟು ತೆಗೆದು ಬಂದರು. ಮೆಟ್ಟಿಲ ತನಕ ಬಂದು ತಲೆಯೆತ್ತಿದವರು ನನ್ನನ್ನು ಕಂಡು ಕೋಲು ಬಿಟ್ಟರು.

"ಬರ್ರಿ ಅಂಬಾದಾಸ," ಎಂದೆ.

"ಸಾಹೇಬ್ರ… ನೀವ… ಮತ್ತ ಇದು?" ಎನ್ನುತ್ತಾ ಪೊಟ್ಟಣವನ್ನು ನೋಡಿದರು, ನನ್ನನ್ನು ನೋಡಿದರು. ಪೇಪರು ಬಿಚ್ಚಿತ್ತು. ಒಳಗೆ ಚೆಂಡುಹೂವಿನ ದಪ್ಪ ಮಾಲೆ.

"ಮಾಲಿ ಯಾಕ ತಂದ್ರಿ?" ಎಂದಳು ಉಷಾ. ಸಂಘದ ಉದ್ಘಾಟನೆಗೆ ಇರಬೇಕು ಎಂದು ನಾನು ಒಂದು ಕ್ಷಣ ಖುಷಿಯೂ ಪಟ್ಟೆ.

ಅಂಬಾದಾಸ ಕುರ್ಚಿಯ ಮೇಲೆ ಕುಸಿದು ಕಿಸೆಯಿಂದ ಕಾರ್ಡು ತೆಗೆದರು. "ನೋಡ್ರಿ ಅವ್ವಾರ. ವಾಮನರಾವ, ಲಕ್ವಾ, ಮನಿಗೆ ಬರಬೇಕು, ಊಟ ಇಲ್ಲೇ. ಮ್ಯಾಲ ನೋಡಿದ್ರ ಶ್ರೀ ಇಲ್ಲ. ನಾವು ಜೈ ಭೀಮ ಮಂದಿ, ನಮ್ಮ ಮನ್ಯಾಗ ಅದೆಲ್ಲಾ ನಡಿಯೂದಿಲ್ರಿ. ಖರೆ, ನಿಮ್ಮ ಪದ್ಧತಿ ನಮಗ ಗೊತ್ತದಲ್ಲ? ಅಕ್ಷರ ಬ್ಯಾರೆ ನಡುಗ್ಯಾವ. ಅವ್ವಾರು ಅಳಕೋತ ಬರದಾರ ಅಂತ ನಮ್ಮ ಮನ್ಯಾಗ ಎಲ್ಲಾರೂ ಅಂದ್ರು."

ಉಷಾ ಕಾರ್ಡು ತೆಗೆದುಕೊಂಡು ನೋಡಿದಳು. ಮೇಲಿನ ಖಾಲಿ ಜಾಗ ನೋಡಿದಳು. ಆಮೇಲೆ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು, ನಗುತ್ತಾ ನಗುತ್ತಾ ಅತ್ತಳು. ಮಾಲೆಯನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ದೇವರಿಗೆ ಹಾಕುವಂತಿಲ್ಲ, ಎಸೆಯುವಂತಿಲ್ಲ. ಕೊನೆಗೆ ಅವಳು ಅದನ್ನು ಒಯ್ದು ವರ್ಷದಿಂದ ಮೂಲೆಯಲ್ಲಿ ನಿಂತಿದ್ದ ನನ್ನ ಸೈಕಲ್ಲಿನ ಹ್ಯಾಂಡಲಿಗೆ ಹಾಕಿದಳು. ಅಂಬಾದಾಸ ಎರಡು ಸಲ ಶಿರಾ ಹಾಕಿಸಿಕೊಂಡು ತಿಂದರು.

ಸಂಜೆ ಖಾಜಾಮಿಯಾ ಬಂದರು. ಊರಲ್ಲೇ ಗಡಿಯಾರ ರಿಪೇರಿ ಮಾಡುತ್ತಿದ್ದ ಮುದುಕರು, ಅವರೂ ಬೆಂಚಿನವರು. "ಅರೇ, ಜಿಂದಾ ಇದ್ದೀರಿ! ನಾ ನಿಮ್ಮ ಹೆಸರಿಲೆ ದುವಾ ಮಾಡಿಸಿ ಬಂದೀನಲ್ರಿ" ಎಂದು ಗಲ್ಲ ಹಿಡಿದು ನೋಡಿದರು. ನಾನೂ ನಗುತ್ತಿದ್ದೆ. ಆಗ ತಟ್ಟನೆ ನೆನಪಾಯಿತು. ಕಮಲಾಪುರದ ಶರಣಪ್ಪನವರಿಗೂ ಒಂದು ಕಾರ್ಡು ಹೋಗಿದೆ. ನೀವು ನಿಂತ ದಿವಸ ನಾನೂ ನಿಂತೆ ಅಂತ ತಿಳೀರಿ. ನನ್ನ ನಗು ಹೋಯಿತು.

ಮರುದಿನ ಬೆಳಿಗ್ಗೆ ಉಷಾ ಮತ್ತು ನಾನು ಬಸ್ಸು ಹತ್ತಿದೆವು. ಲಕ್ವಾ ಆದ ಮೇಲೆ ಅದೇ ಮೊದಲ ಬಸ್ಸು. "ಜಲ್ದಿ ಹತ್ರಿ" ಎಂದು ಕಂಡಕ್ಟರು ಒದರುತ್ತಿದ್ದ, ಮೇಲಿನಿಂದ ಒಬ್ಬ ಅಪರಿಚಿತ ಹೆಣ್ಣುಮಗಳು ನನ್ನ ಕಾಲರು ಹಿಡಿದು ಎಳೆದುಕೊಂಡಳು, ಕೆಳಗಿನಿಂದ ಉಷಾ ದೂಡಿದಳು. ಆ ಹೆಣ್ಣುಮಗಳ ಹೆಸರು ಕೇಳಬೇಕೆಂದಿದ್ದೆ, ಮರೆತೆ.

ಶರಣಪ್ಪನವರ ಮನೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಉಷಾ ಮುಂದೆ, ನಾನು ಕೋಲೂರಿಕೊಂಡು ಬಹಳ ಹಿಂದೆ. ಬಾಗಿಲಲ್ಲಿ ನಾಗಮ್ಮ ಭಾಂಡಿ ತಿಕ್ಕುತ್ತಿದ್ದರು. ಉಷಾಳನ್ನು ಕಂಡು ಎದ್ದು ನಿಂತರು. ಅಯ್ಯೋ ಎನ್ನಲು ಬಾಯಿ ತೆರೆದವರು ಅವಳ ಹಣೆ ನೋಡಿದರು, ಕೈಯ ಹಸಿರು ಬಳೆ ನೋಡಿದರು. ಮುಖ ಕೆಂಪಾಯಿತು.

"ಇದೇನ್ರಿ ಅವ್ವಾರ? ಹದಿಮೂರು ದಿವಸನೂ ಆಗಿಲ್ಲ. ಹಣಿ ಮ್ಯಾಲ ಕುಂಕುಮ ಇಟಗೊಂಡು ಊರೂರು ತಿರುಗ್ಲಾಕತ್ತೀರಲ್ಲ!"

"ನಾಗಮ್ಮ, ಹಿಂದ ನೋಡ್ರಿ," ಎಂದಳು ಉಷಾ.

ನಾನು ಆಗಷ್ಟೇ ಓಣಿಯ ತಿರುವು ದಾಟಿದ್ದೆ. ನಾಗಮ್ಮ ನೋಡಿದರು. ಕೈಯಲ್ಲಿದ್ದ ತಂಬಿಗೆ ಬಿತ್ತು. ಬೂದಿಗೈಯನ್ನೇ ಎದೆಗೆ ಇಟ್ಟುಕೊಂಡು ನಾನು ಬಂದು ಮುಟ್ಟುವ ತನಕ ಹಾಗೇ ನಿಂತಿದ್ದರು. ನನಗೆ ಬೇಗ ಬರಲು ಆಗುತ್ತಿರಲಿಲ್ಲ. ಅಷ್ಟು ಉದ್ದದ ಓಣಿಯನ್ನು ನಾನು ಮತ್ತೆ ಕಂಡಿಲ್ಲ.

ಒಳಗೆ ಶರಣಪ್ಪ ಹೊರಸಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೈಗೆ ಕಸರತ್ತು ಮಾಡಲೆಂದು ತೊಲೆಗೆ ಹಗ್ಗ ಕಟ್ಟಿಕೊಂಡಿದ್ದರು. ಅದರ ಮೇಲೆ ಈಗ ಸೀರೆ ಒಣಗುತ್ತಿತ್ತು.

"ಶರಣಪ್ಪ," ಎಂದೆ.

"ಯಾರು?"

"ನಾನ್ರಿ, ವಾಮನರಾವ."

"ಅವ್ರು ಹೋದ್ರಲ್ಲ," ಎಂದರು, ತಿರುಗದೆ.

"ಹೋಗಿಲ್ರಿ. ಬಂದೀನಿ."

ನಿಧಾನಕ್ಕೆ ತಿರುಗಿದರು. ಎಡಗೈ ಚಾಚಿ ನನ್ನ ಬಲಗೈಯನ್ನು ಹಿಡಿದು ಎತ್ತಿ ಬಿಟ್ಟರು. ಅದು ತಪ್ಪನೆ ಬಿತ್ತು. "ಕೈ ಇನ್ನಾ ಹಂಗೇ ಅದಲ್ರಿ."

"ಹಂಗೇ ಅದ."

"ಹಂಗಾದ್ರ ನೀವೇ. ದೆವ್ವ ಆಗಿದ್ರ ಕೈ ನೆಟ್ಟಗ ಆಗಿರ್ತಿತ್ತು."

ಆಮೇಲೆ ಅವರಿಗೆ ಸಿಟ್ಟು ಬಂತು. ಅಷ್ಟು ಸಿಟ್ಟನ್ನು ನಾನು ಎಣಿಸಿರಲಿಲ್ಲ. "ಆರು ದಿವಸ ಆತು ನಾ ಹಗ್ಗ ಮುಟ್ಟಿ! ಓಣ್ಯಾಗಿನ ಹಿಟ್ಟಿನ ಗಿರಣಿಯವರು ಕಾರ್ಡ್ ಓದಿ, ರಾಯರು ತೀರಿಕೊಂಡಾರ ಅಂದ್ರು. ಹರದು ಒಗದು ಜಳಕಾ ಮಾಡಿದ್ವಿ. ಸರ್ಕಾರಿ ನೌಕರಿ, ದವಾಖಾನಿ ಬಾಜೂಕ ಮನಿ, ದಿನಾ ಚಕ್ರ ತಿರುಗಸೂ ಮನುಷ್ಯ. ಅವ್ರೇ ಹೋದ್ರ ನಂದೇನದ ಅಂತ ಮಕ್ಕೊಂಡೆ. ನೀವು ನೋಡಿದ್ರ ಕೋಲ ಊರಕೋತ ಬಂದೀರಿ!"

"ತಪ್ಪು ನಂದು," ಎಂದೆ. ಅಳು ಬಂತು. ಲಕ್ವಾ ಆದ ಮೇಲೆ ನನಗೆ ಅಳು ಬೇಗ ಬರುತ್ತದೆ, ಆದರೆ ಇದು ಆ ಅಳು ಅಲ್ಲ. ನಾನು ಶ್ರೀಗೆಂದು ಬಿಟ್ಟ ಎರಡು ಬೆರಳಗಲ ಜಾಗದಲ್ಲಿ ಒಬ್ಬ ಮನುಷ್ಯ ಆರು ದಿನ ಗೋಡೆಗೆ ಮುಖ ಹಾಕಿ ಮಲಗಿದ್ದ.

ನಾಗಮ್ಮನಿಗೆ ಮಾತ್ರ ಬೇರೆಯೇ ಅನುಮಾನ. ಚಹಾ ಕೊಡುತ್ತಾ ಉಷಾಳ ಕಿವಿಯ ಹತ್ತಿರ ಬಂದು, "ಸಾಹೇಬ್ರಿಗೆ ಕಾಗಿ ಮುಟ್ಟಿತ್ತೇನ್ರಿ?" ಎಂದರು. ತಲೆಗೆ ಕಾಗೆ ಬಡಿದರೆ ಗಂಡಾಂತರ, ಅದನ್ನು ಕಳೆಯಲು ಆ ಮನುಷ್ಯ ಸತ್ತನೆಂದು ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಿ ಅಳಿಸುವ ಪದ್ಧತಿ ನಮ್ಮಲ್ಲಿದೆ. ಬೇಕೆಂದೇ ಮಾಡಿದ್ದೆವು ಎಂದು ಅವರ ಎಣಿಕೆ. ಇಲ್ಲ, ಮರೆತದ್ದು ಎಂದು ಉಷಾ ಹೇಳಿದರೂ ಅವರು ನಂಬಲಿಲ್ಲ. "ಇರ್ಲಿ ಬಿಡ್ರಿ. ನಾವಂತೂ ಮನಸಾರ ಅತ್ತೀವಿ. ಸಾಹೇಬ್ರ ಗಂಡಾಂತರ ಹೋತು."

ಹೊರಡುವಾಗ, "ಮತ್ತ ಹಗ್ಗ ಹಿಡೀತೀರಲ್ರಿ?" ಎಂದು ಕೇಳಿದೆ. ಶರಣಪ್ಪ "ನೋಡೂಣು" ಎಂದು ಗೋಡೆಯ ಕಡೆ ತಿರುಗಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಗೊಂದಲ. ನಾನು ಬದುಕಿದ್ದೇನೆ ಎಂಬ ಸುದ್ದಿಯಿಂದ ಅವರಿಗೆ ಉಪಕಾರವಾಯಿತೋ, ಅಪಕಾರವಾಯಿತೋ?

ಮನೆಗೆ ಬಂದ ಮರುದಿನ ಒಂದು ಕಾರ್ಡು ತೆಗೆದುಕೊಂಡೆ. ಎಡಗೈಯಲ್ಲಿ ಮೇಲೆ ನಡುವೆ ಶ್ರೀ ಬರೆದೆ. ನನ್ನ ಕೈ ಈಗ ಇದೇ, ದೇವರು ಬೇಕಾದರೆ ಕಣ್ಣು ಮುಚ್ಚಿಕೊಳ್ಳಲಿ ಎಂದುಕೊಂಡೆ. ಇಡೀ ಮುಂಜಾನೆ ಹಿಡಿಯಿತು. ಕೆಳಗೆ ಬರೆಯಲು ಶಕ್ತಿ ಉಳಿಯಲಿಲ್ಲ. ಹಾಗೇ ಮೂಲೆಗೆ ಅರಿಶಿನ ಹಚ್ಚಿ, ಕಮಲಾಪುರದ ವಿಳಾಸ ಉಷಾಳಿಂದ ಬರೆಸಿ ಹಾಕಿಸಿದೆ.

ಹತ್ತು ದಿನವಾದರೂ ಉತ್ತರವಿಲ್ಲ. ಹನ್ನೊಂದನೆಯ ದಿನ ಒಂದು ಕಾರ್ಡು ಬಂತು. ಅದರಲ್ಲಿ ಒಂದೂ ಮಾತಿಲ್ಲ. ಮೇಲೆ ಶ್ರೀ ಮಾತ್ರ, ಅದೂ ಒಂದು ಬದಿಗೆ ಜಾರಿದ್ದು, ದೀರ್ಘ ಆಮೇಲೆ ನೆನಪಾಗಿ ಸೇರಿಸಿದ್ದು. ಒಂದು ಮೂಲೆಯಲ್ಲಿ ಹೆಬ್ಬೆರಳಿನಷ್ಟು ಅರಿಶಿನ. ಅದನ್ನು ಹಿಡಿದುಕೊಂಡು ಮನೆಯೆಲ್ಲ ತಿರುಗಾಡಿದೆ. ಕೋಲು ಬಾಗಿಲಲ್ಲೇ ಬಿಟ್ಟಿದ್ದೆನೆಂದು ಉಷಾ ಹೇಳಿದ ಮೇಲೆಯೇ ತಿಳಿದದ್ದು.

ಸಂಘದ ಸಭೆ ಮಾತ್ರ ಸೇರಲೇ ಇಲ್ಲ. ಇನ್ನೂ ಮೂರು ಸಲ ಕರೆದೆ, ಈ ಸಲ ಶ್ರೀ ಹಾಕಿಯೇ. ಒಮ್ಮೆ ಇಬ್ಬರು ಬಂದರು, ಒಮ್ಮೆ ಒಬ್ಬರು, ಒಮ್ಮೆ ಯಾರೂ ಇಲ್ಲ. ಏಳರಲ್ಲಿ ಇಬ್ಬರು ನನ್ನ ಮೊದಲ ಕಾರ್ಡು ಮುಟ್ಟುವ ಮೊದಲೇ ನಿಜವಾಗಿ ತೀರಿಕೊಂಡಿದ್ದರು. ಒಬ್ಬರ ಮಗ ಇನ್ನು ಮೇಲೆ ಬರೆಯಬೇಡಿ ಎಂದು ಬರೆದ. ಇನ್ನೊಬ್ಬರದು ವಿಳಾಸವೇ ತಪ್ಪು. ಉಳಿದದ್ದು ನಾವು ನಾಲ್ವರು, ಮತ್ತು ಈ ಕಾರ್ಡುಗಳು. ಪ್ರತಿ ವಾರ ಮೂವರೂ ನನಗೊಂದು ಕಾರ್ಡು ಹಾಕಬೇಕು, ನಾನು ಅವರಿಗೆ. ಮಾತು ಬೇಡ, ಗುರುತು ಸಾಕು. ಶರಣಪ್ಪನವರದು ಶ್ರೀ. ಖಾಜಾಮಿಯಾ ಬಿಸ್ಮಿಲ್ಲಾ ಎಂಬುದಕ್ಕೆ ೭೮೬ ಬರೆಯುತ್ತಿದ್ದರು. ಅಂಬಾದಾಸ ಜೈ ಭೀಮ ಎಂದು ಬರೆದು ಕೆಳಗೆ ಕಸರತ್ತಿನ ಚಕ್ರದ ಚಿತ್ರ ತೆಗೆಯುತ್ತಿದ್ದರು. ಶನಿವಾರದೊಳಗೆ ಯಾರ ಕಾರ್ಡು ಬರುವುದಿಲ್ಲವೋ, ಉಳಿದವರು ರವಿವಾರ ಅವರ ಮನೆಗೆ ಹೋಗಬೇಕು. ಡಾಕ್ಟರಮ್ಮ ಎಲ್ಲಿ ನಿಮ್ಮ ಸಂಘ ಎಂದು ಕೇಳಿದಾಗ ದಾರ ಕಟ್ಟಿದ ಕಾರ್ಡಿನ ಕಟ್ಟು ತೋರಿಸಿದೆ. ಅವರು ನಕ್ಕು, ಮತ್ತೆ ನೋಡಿ, ನಗುವುದನ್ನು ನಿಲ್ಲಿಸಿದರು.

ಹೀಗೆ ಒಂದು ವರ್ಷ. ಕಾರ್ಡು ತಪ್ಪಲಿಲ್ಲ, ಆದ್ದರಿಂದ ಯಾರೂ ಯಾರ ಮನೆಗೂ ಹೋಗಲಿಲ್ಲ. ಆಮೇಲೆ ಒಂದು ಶನಿವಾರ ಕಮಲಾಪುರದ ಕಾರ್ಡು ಬರಲಿಲ್ಲ. ಟಪಾಲಿನವನನ್ನು ಗೇಟಿನಲ್ಲಿ ನಿಲ್ಲಿಸಿ ಚೀಲ ಮತ್ತೊಮ್ಮೆ ನೋಡಲು ಹೇಳಿದೆ. ಎರಡನೆಯ ಸಲ ಲಕ್ವಾ ಹೊಡೆದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಉಷಾ ಇಬ್ಬರಿಗೂ ಸುದ್ದಿ ಮುಟ್ಟಿಸಿದಳು. ರವಿವಾರ ಬೆಳಿಗ್ಗೆ ಅಂಬಾದಾಸ, ಖಾಜಾಮಿಯಾ, ಉಷಾ, ನಾನು ಬಸ್ಸು ಹತ್ತಿದೆವು. ಮೂರು ಕೋಲು ಕಂಡು ಕಂಡಕ್ಟರು ಏನೂ ಒದರಲಿಲ್ಲ. ಅಂಬಾದಾಸರ ಕಂಕುಳನ್ನು ಎರಡು ಸಲ ನೋಡಿದೆ. ಈ ಸಲ ಅವರು ಮಾಲೆ ತಂದಿರಲಿಲ್ಲ.

ಕಮಲಾಪುರದಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ಮೊದಲು ಕಂಡದ್ದು ಕೈಗಾಡಿ, ಅದರ ಮೇಲೆ ಕೆಂಪು ಬಾಳೆಹಣ್ಣು. ಗಾಡಿಯ ಹಿಂದೆ ಎಡಗೈ ಊರಿಕೊಂಡು ಶರಣಪ್ಪ ನಿಂತಿದ್ದರು. ನಿಂತಿದ್ದರು! ಪಕ್ಕದ ಬೇವಿನ ಮರದ ಕೆಳಗೆ ನಾಗಮ್ಮ ಚಾಪೆ ಹಾಸುತ್ತಿದ್ದರು.

ಇಳಿದದ್ದು ಹೇಗೋ ಗೊತ್ತಿಲ್ಲ. ಅವರ ಮುಂದೆ ಹೋಗಿ ನಿಂತೆ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಒಂದು ಮಾತೂ ತಪ್ಪಲಿಲ್ಲ, ಎಲ್ಲ ಸರಿಯಾಗಿಯೇ ಹೊರಗೆ ಬಂದವು. "ಜೀವ ಹೋದಂಗ ಆಗೇದ ನಮಗ! ಕಾರ್ಡ್ ಯಾಕ ಹಾಕ್ಲಿಲ್ರಿ?"

ಶರಣಪ್ಪ ಸಾವಕಾಶ ಅಂಗಿಯ ಕಿಸೆಗೆ ಎಡಗೈ ಹಾಕಿ ಕಾರ್ಡು ತೆಗೆದರು. ಮೇಲೆ ನಡುವೆ ದೊಡ್ಡದಾಗಿ ಶ್ರೀ, ಮೂಲೆಯಲ್ಲಿ ಅರಿಶಿನ. ಸೋಮವಾರವೇ ಬರೆದು ಇಟ್ಟದ್ದಂತೆ. ಅದನ್ನು ನನ್ನ ಕೈಗೆ ಕೊಟ್ಟು, ಜೊತೆಗೊಂದು ಹಣ್ಣನ್ನೂ ಕೊಟ್ಟು, ಚಾಪೆಯ ಕಡೆ ನೋಡಿದರು.

"ಹಾಕಿದ್ರ ನೀವು ಬರ್ತಿದ್ರೇನ್ರಿ?"